ಸುರಂಗದ ಬಾಯಿಯ ಫೋಟೋ

ಶಹಾಪುರದ ಒಂದು ಕಾಲುವೆ ಕಚೇರಿಯಲ್ಲಿ ಶ್ರೀಮಂತ ಎಂಬವನು ನಕ್ಷೆ ಬರೆಯುವ ಕೆಲಸದಲ್ಲಿದ್ದ. ವಯಸ್ಸು ನಲವತ್ತಮೂರು. ಹುಟ್ಟಿದ್ದು ಕೆಂಭಾವಿಯಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ನೀರು ಯಾವ ಹೊಲದ ಹತ್ತಿರ ಎಷ್ಟು ಇಳಿಯಬೇಕು, ಎಲ್ಲಿ ತಿರುಗಬೇಕು ಎಂದು ಗೆರೆ ಎಳೆಯುವುದರಲ್ಲೇ ಅವನ ಇಪ್ಪತ್ತು ವರ್ಷ ಕಳೆದಿತ್ತು. ಅವನ ಗೆರೆ ಅಷ್ಟು ಶುದ್ಧ. ಆದರೆ ನಕ್ಷೆಯ ಮೂಲೆಯಲ್ಲಿ ಸಹಿ ಎಂಜಿನಿಯರರದು. ಕಾಲುವೆಗೆ ನೀರು ಬಂದ ದಿನ ಹಾರ ಬೀಳುತ್ತಿದ್ದುದು ಬೇರೆಯವರ ಕೊರಳಿಗೆ. ಅದನ್ನು ಅವನು ಬಾಯಿಬಿಟ್ಟು ಹೇಳಿದವನಲ್ಲ, ಮರೆತವನೂ ಅಲ್ಲ.

ಇಂಥವನಿಗೆ ರೋಲರ್ ಕೋಸ್ಟರಿನ ಹುಚ್ಚು ಹಿಡಿದದ್ದು ಹತ್ತು ವರ್ಷದ ಹಿಂದೆ. ಕಚೇರಿಯವರೆಲ್ಲ ಕೂಡಿ ಹೈದರಾಬಾದಿಗೆ ಹೋದಾಗ ಒಂದು ಮನರಂಜನಾ ಪಾರ್ಕಿಗೂ ಹೋಗಿದ್ದರು. ಉಳಿದವರು ಕೂಗುತ್ತ ರೋಲರ್ ಕೋಸ್ಟರಿನ ಬಂಡಿ ಹತ್ತಿ ಇಳಿದರು. ಶ್ರೀಮಂತ ಹತ್ತಲಿಲ್ಲ, ಅವನಿಗೆ ಹೆದರಿಕೆ. ಕೆಳಗೆ ನಿಂತು ಎರಡು ತಾಸು ಅದನ್ನೇ ನೋಡಿದ. ಮೊದಲ ಏರಿನ ತುದಿಗೆ ಸರಪಳಿ ಎಳೆದೊಯ್ದು ಬಿಟ್ಟರೆ ಮುಗಿಯಿತು. ಮುಂದೆ ಎಂಜಿನ್ನಿಲ್ಲ, ದೂಡುವವರಿಲ್ಲ, ಇಳಿಜಾರೇ ಎಲ್ಲವನ್ನೂ ನಡೆಸುತ್ತದೆ. ತಾನು ಬರೆಯುವ ಕಾಲುವೆಯ ಲೆಕ್ಕವೇ ಇಲ್ಲಿ ಕುಣಿಯುತ್ತಿದೆ ಎನ್ನಿಸಿ ಅವನ ಮೈ ಜುಮ್ಮೆಂದಿತು.

ಅಲ್ಲಿಂದ ಮುಂದೆ ಫೋನಿನಲ್ಲಿ ಅದೇ ಓದು, ಅದೇ ನೋಟ. ಕೋಸ್ಟರ್ ಪ್ರಿಯರ ಒಂದು ವಾಟ್ಸಾಪ್ ಗುಂಪಿಗೂ ಸೇರಿದ. ಹೈದರಾಬಾದು, ಪುಣೆ, ಕೊಚ್ಚಿ ಕಡೆಯ ಮುನ್ನೂರು ಜನ ಅದರಲ್ಲಿದ್ದರು. ಇಂಗ್ಲಿಷಿನಲ್ಲಿ ಅವರಷ್ಟು ಸರಾಗವಾಗಿ ಬರೆಯಲು ಬಾರದು, ಹಾಗಾಗಿ ಶ್ರೀಮಂತ ಚಿತ್ರ ಬರೆದು ಹಾಕುತ್ತಿದ್ದ.

ಹೋದ ವರ್ಷ ಆ ಗುಂಪಿನಲ್ಲಿ ಗದ್ದಲ ಎದ್ದಿತು. ಹೈದರಾಬಾದಿನ ಹೊರವಲಯದ ಒಂದು ಪಾರ್ಕಿನವರು ಅರ್ಧ ಜಾಗಕ್ಕೆ ತಗಡಿನ ಗೋಡೆ ಕಟ್ಟಿ ಒಳಗೆ ಏನೋ ಕಟ್ಟಿಸುತ್ತಿದ್ದರು. ಏನೆಂದು ಒಂದು ಮಾತೂ ಹೊರಗೆ ಬಿಟ್ಟಿರಲಿಲ್ಲ. ಯಾರೋ ಪಕ್ಕದ ಕಟ್ಟಡದ ಮಾಳಿಗೆ ಹತ್ತಿ ತೆಗೆದ ಫೋಟೋದಲ್ಲಿ ಕಾಂಕ್ರೀಟ್ ಬುನಾದಿಗಳ ಸಾಲು ಕಂಡಿತು. ಅಷ್ಟು ಸಾಕಾಯಿತು. ಒಬ್ಬರು ಮರದ ಕೋಸ್ಟರ್ ಎಂದರು, ಇನ್ನೊಬ್ಬರು ತಲೆಕೆಳಗಾಗಿ ಮೂರು ಸುತ್ತು ಹಾಕಿಸುವಂಥದ್ದು ಎಂದರು. ಶ್ರೀಮಂತ ಬುನಾದಿಗಳ ಅಂತರ ಅಳೆದು ಎರಡು ರವಿವಾರ ಕೂತು ನಕ್ಷೆ ಬರೆದ. ಬಂಡಿ ಮೊದಲ ಏರಿನಿಂದ ಬಿದ್ದದ್ದು ನೇರ ನೆಲದೊಳಗೆ ಹೋಗುತ್ತದೆ, ಅಲ್ಲೊಂದು ಸುರಂಗ ಬರುತ್ತದೆ ಎಂಬುದು ಅವನ ಊಹೆ.

ಗುಂಪಿನ ಹಳಬ, ಹೈದರಾಬಾದಿನ ಸಾಯಿಕುಮಾರ, ಅದನ್ನು ನೋಡಿ ನಗುವ ಮುಖಗಳ ಸಾಲು ಹಾಕಿದ. ತಾನು ಹನ್ನೊಂದು ದೇಶಗಳ ಕೋಸ್ಟರ್ ಏರಿದವನು, ನೀವು ಎಷ್ಟು ಏರಿದ್ದೀರಿ ಎಂದು ಎಲ್ಲರೆದುರು ಕೇಳಿದ. ಶ್ರೀಮಂತನಿಗೆ ಊಟಕ್ಕೆ ಕೂತರೂ ಆ ನಗುವ ಮುಖಗಳೇ ಕಣ್ಣ ಮುಂದೆ.

ಅದೇ ವಾರ ಯುಗಾದಿಗೆ ಹೆಂಡತಿ ಚಂದ್ರಕಲಾಳ ತಮ್ಮ ತಿಮ್ಮಣ್ಣ ಮನೆಗೆ ಬಂದ. ಕೊಂಕಲ್ಲಿನ ಹುಡುಗ, ಮದುವೆಯಾಗಿ ಎರಡು ವರ್ಷ. ಹೈದರಾಬಾದಿನಲ್ಲಿ ಕಾಂಕ್ರೀಟಿಗೆ ಸಲಾಕೆ ಕಟ್ಟುವ ಕೆಲಸ. ಊಟ ಮಾಡುತ್ತ, ಈಗ ತಾನಿರುವ ಪಾರ್ಕಿನಲ್ಲಿ ತಗಡಿನ ಗೋಡೆಯೊಳಗೆ ದೊಡ್ಡ ತಗ್ಗು ತೋಡಿದ್ದಾರೆ, ಅದು ಯಾತಕ್ಕೆಂದು ಮೇಸ್ತ್ರಿಗೂ ಗೊತ್ತಿಲ್ಲ ಎಂದ. ಶ್ರೀಮಂತನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

ಒಂದು ಫೋಟೋ ಕಳಿಸು ಎಂದು ಅವನು ಬೆನ್ನು ಹತ್ತಿದ. ತಿಮ್ಮಣ್ಣ ಹಿಂದೆಮುಂದೆ ನೋಡಿದ.

"ಫೋಟೋ ಹೊಡದ್ರ ಹೊರಗ ಹಾಕತೀವಿ ಅಂತ ಬೋರ್ಡ್ ಹಚ್ಯಾರ ಮಾಮಾ."

"ನನಗಷ್ಟ ಬೇಕಾಗೇದ. ಯಾರಿಗೂ ತೋರಸಂಗಿಲ್ಲ. ನನ್ನ ಮ್ಯಾಲ ಭರೋಸಾ ಇಲ್ಲೇನು?"

ಭರೋಸಾ ಇತ್ತು. ತನ್ನನ್ನು ಹತ್ತನೇ ಇಯತ್ತೆಯವರೆಗೆ ಓದಿಸಿದವನೇ ಈ ಮಾಮಾ. ವಾರ ಕಳೆಯುವುದರೊಳಗೆ ಫೋಟೋ ಬಂತು. ನೆಲದೊಳಗೆ ಇಳಿದ ಸುರಂಗದ ಬಾಯಿ. ಎತ್ತರದ ಅಂದಾಜು ಸಿಗಲೆಂದು ತಿಮ್ಮಣ್ಣ ತನ್ನ ಹಳದಿ ಹೆಲ್ಮೆಟ್ಟನ್ನು ಗೋಡೆಗೆ ಒರಗಿಸಿ ಇಟ್ಟಿದ್ದ.

ಶ್ರೀಮಂತ ಎರಡು ದಿನ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಮೂರನೆಯ ದಿನ ಸಾಯಿಕುಮಾರ ಮತ್ತೆ ಗುಂಪಿನಲ್ಲಿ ಶಹಾಪುರದ ಸುರಂಗ ಎಂದು ಏನೋ ಚೇಷ್ಟೆ ಮಾಡಿದ. ಕಚೇರಿಯಲ್ಲಿ ಮಧ್ಯಾಹ್ನದ ಚಹಾ ಕುಡಿಯುತ್ತ ಶ್ರೀಮಂತ ಆ ಫೋಟೋವನ್ನು ಗುಂಪಿಗೆ ಹಾಕಿಬಿಟ್ಟ. ಚಹಾ ಮುಗಿಯುವುದರೊಳಗೆ ಮೆಚ್ಚುಗೆಯ ಮಳೆ. ಮಾಸ್ಟರ್, ಉಸ್ತಾದ್ ಎಂದರು. ಸಾಯಿಕುಮಾರನೂ ಕೈ ಮುಗಿದ ಚಿತ್ರ ಹಾಕಿದ. ಶ್ರೀಮಂತ ಆ ದಿನ ಮನೆಗೆ ಹೋಗುವಾಗ ಹೆಂಡತಿಗೆ ಮಲ್ಲಿಗೆ ಕೊಂಡುಕೊಂಡು ಹೋದ.

ಫೋಟೋ ಗುಂಪಿನಲ್ಲೇ ಉಳಿಯಲಿಲ್ಲ. ಯೂಟ್ಯೂಬಿನವರು ಎತ್ತಿಕೊಂಡರು. ಹೆಲ್ಮೆಟ್ಟಿನ ಮಗ್ಗುಲಿಗೆ ತಿಮ್ಮಣ್ಣನ ಕೆಲಸದ ನಂಬರ್ ಬರೆದಿತ್ತು. ಶ್ರೀಮಂತ ಸುರಂಗ ಅಳೆದಿದ್ದನೇ ಹೊರತು ಆ ನಂಬರನ್ನು ನೋಡಿರಲಿಲ್ಲ.

ಐದನೆಯ ದಿನ ತಿಮ್ಮಣ್ಣ ಹಾಸಿಗೆ, ಚೀಲ ಹೊತ್ತುಕೊಂಡು ಯಾದಗಿರಿಗೆ ಬಂದು ರೈಲು ಇಳಿದು, ಬಸ್ಸು ಹಿಡಿದು ಅಕ್ಕನ ಮನೆ ಸೇರಿದ. ಕೆಲಸದಿಂದ ತೆಗೆದಿದ್ದರು. ಆ ಗುತ್ತೇದಾರನ ಯಾವ ಕೆಲಸಕ್ಕೂ ಇನ್ನು ಬರಕೂಡದು ಎಂದಿದ್ದರು. ಚಂದ್ರಕಲಾ ನೀರು ಕೊಟ್ಟು ಎದುರಿಗೆ ಕೂತಳು. ತಿಮ್ಮಣ್ಣ ಅವಳಿಗೆ ಎಲ್ಲವನ್ನೂ ಹೇಳಿದ. ಶ್ರೀಮಂತ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ.

"ಯಾರಿಗಿ ಕಳಿಸಿದಿ ಅಂತ ಭಾಳ ಕೇಳಿದ್ರು ಅಕ್ಕ. ನಾ ಹೇಳಲಿಲ್ಲ. ಮಾಮಾ ಸರಕಾರಿ ನೌಕರ್ಯಾಗ ಇದ್ದಾನ, ಅವನ ಹೆಸರು ಯಾಕ ತರೋದಂತ ಸುಮ್ಮನಾದೆ. ಯಾರೋ ನನ್ನ ಫೋನ್ ತಗದು ಫೋಟೋ ಕದ್ದಾರ."

ಚಂದ್ರಕಲಾ ಗಂಡನ ಕಡೆ ತಿರುಗಿದಳು. ಆಗಲೇ ಹೇಳಬಹುದಿತ್ತು. ಶ್ರೀಮಂತ ಮಾತ್ರ ಹಂಗ ಆಗಿರಬೇಕು ಎಂದು ಅಂದುಬಿಟ್ಟ. ಅಂದ ಮರುಗಳಿಗೆಯೇ ತನ್ನ ಮೇಲೆ ತನಗೆ ಹೇಸಿಗೆಯಾಯಿತು. ಆದರೂ ಮಾತು ತಿದ್ದಲಿಲ್ಲ.

ನಾಲ್ಕು ದಿನ ಹಾಗೇ ಕಳೆದವು. ತಿಮ್ಮಣ್ಣ ಸುರಪುರ, ಹುಣಸಗಿ ಎಂದು ಕೆಲಸ ಕೇಳಿಕೊಂಡು ತಿರುಗಿ ಬಂದು, ಸಂಜೆ ಮಾಮಾನ ಪಕ್ಕದಲ್ಲೇ ಉಣ್ಣಲು ಕೂಡುತ್ತಿದ್ದ. ಶ್ರೀಮಂತ ಬೇಗ ಉಂಡು ಏಳುತ್ತಿದ್ದ. ಫೋನಿನಲ್ಲಿ ಹೊಗಳಿಕೆ ಇನ್ನೂ ಬರುತ್ತಲೇ ಇತ್ತು. ಫೋನನ್ನು ಮಗುಚಿ ಇಡುತ್ತಿದ್ದ.

ಐದನೆಯ ದಿನ ಮುಂಜಾನೆ ಅಂಗಳದಲ್ಲಿ ತಿಮ್ಮಣ್ಣ ಫೋನಿನಲ್ಲಿ ಯಾರನ್ನೋ ಬಾಯಿಗೆ ಬಂದಂತೆ ಬೈಯುತ್ತಿದ್ದ. ಆ ಕಡೆ ಇದ್ದವನು ಬಸವಂತ್ರಾಯ, ಅವನದೇ ಊರಿನವನು. ಇಬ್ಬರೂ ಚಿಕ್ಕಂದಿನಿಂದ ಜೊತೆ. ಹೈದರಾಬಾದಿನಲ್ಲಿ ಒಂದೇ ಶೆಡ್ಡಿನಲ್ಲಿ ಇದ್ದವರು, ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟುಕೊಂಡವರು. ತನ್ನ ಫೋನು ಮುಟ್ಟುವವನು ಅವನೊಬ್ಬನೇ, ಆದ್ದರಿಂದ ಕದ್ದವನೂ ಅವನೇ ಎಂದು ತಿಮ್ಮಣ್ಣ ತೀರ್ಮಾನಿಸಿದ್ದ. ಇನ್ನು ಮುಂದೆ ನಿನ್ನ ಮಾರಿ ನೋಡಲ್ಲ ಎನ್ನುವಾಗ ಅವನ ದನಿ ಒಡೆಯಿತು.

ಶ್ರೀಮಂತ ಅರ್ಧ ಗಡ್ಡ ಕೆರೆದುಕೊಂಡವನು ಹಾಗೇ ಅಂಗಳಕ್ಕೆ ಬಂದ.

"ಬಸವಂತ್ರಾಯ ಅಲ್ಲ ತಿಮ್ಮಣ್ಣ. ಅದನ್ನ ನಾನ ಹಾಕೀನಿ."

ಒಳಗಿನಿಂದ ಚಂದ್ರಕಲಾ ಬಂದು ನಿಂತಳು. ಅವಳ ಕೈ ಹಿಟ್ಟಾಗಿತ್ತು. ತಿಮ್ಮಣ್ಣ ಮೊದಲು ನಂಬಲಿಲ್ಲ. ಆಮೇಲೆ ಬಹಳ ಮೆಲ್ಲಗೆ ಕೇಳಿದ.

"ಯಾಕ ಮಾಮಾ?"

ನಾಲ್ಕು ದಿನದಿಂದ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಯಾವ ಸಮಜಾಯಿಷಿಯೂ ಆಗ ಶ್ರೀಮಂತನಿಗೆ ಹೊಳೆಯಲಿಲ್ಲ. "ಮಂದಿ ಶಾಣ್ಯಾ ಅನ್ಲಿ ಅಂತ," ಎಂದ.

ತಿಮ್ಮಣ್ಣ ಬೈಯಲಿಲ್ಲ. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಗೋಡೆಯಾಚೆ ನಿಂತು ಬಸವಂತ್ರಾಯನಿಗೆ ಮತ್ತೆ ಫೋನ್ ಹಚ್ಚುವುದು, ತಪ್ಪಾಯಿತು ಎನ್ನುವುದು ಕೇಳಿಸಿತು. ಮಧ್ಯಾಹ್ನದ ಬಸ್ಸಿಗೆ ಚೀಲ ತೆಗೆದುಕೊಂಡು ಕೊಂಕಲ್ಲಿಗೆ ಹೊರಟುಹೋದ. ಚಂದ್ರಕಲಾ ಗಂಡನಿಗೆ ಒಂದೇ ಮಾತು ಹೇಳಿದಳು: "ನಾಲ್ಕು ದಿನ ಅವನ ಬಾಜೂಕ ಕುಂತು ಉಂಡೀರಿ."

ಮರುವಾರ ಶ್ರೀಮಂತ ರಜೆ ಹಾಕಿ ಒಬ್ಬನೇ ಹೈದರಾಬಾದಿಗೆ ಹೋದ. ತಗಡಿನ ಗೋಡೆಯ ಗೇಟಿನಲ್ಲಿ ಮೂರು ತಾಸು ಕಾದು ಮೇಲ್ವಿಚಾರಕನನ್ನು ಕಂಡ. ತಪ್ಪು ತನ್ನದು, ಹುಡುಗನದಲ್ಲ ಎಂದು ಕಾಗದದಲ್ಲಿ ಬರೆದು ಸಹಿ ಮಾಡಿಕೊಟ್ಟ. ಆ ಮನುಷ್ಯ ಓದಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡ. ನೀವು ತಿಳಿದವರು ಹೀಗೆ ಮಾಡಿದರೆ ಹೇಗೆ ಎಂದ, ಹುಡುಗನನ್ನು ಮರಳಿ ತೆಗೆದುಕೊಳ್ಳಲು ಆಗುವುದಿಲ್ಲ ಎಂದ. ಗೋಡೆಗಿಂತ ಎತ್ತರಕ್ಕೆ ಕೋಸ್ಟರಿನ ಮೊದಲ ಕಂಬಗಳು ತಲೆ ಎತ್ತಿದ್ದವು. ಮಾತು ಕೇಳುತ್ತ ನಿಂತಲ್ಲೇ ಶ್ರೀಮಂತನ ಕಣ್ಣು ಆ ಕಂಬಗಳ ಓರೆಯನ್ನು ಅಳೆಯತೊಡಗಿತ್ತು. ಅದು ಅರಿವಾದದ್ದೇ ಅವನು ತಲೆ ತಗ್ಗಿಸಿದ. ಮರಳಿ ಯಾದಗಿರಿ ಬರುವವರೆಗೂ ಎತ್ತಲಿಲ್ಲ.

ನಡೆದದ್ದನ್ನೆಲ್ಲ ಗುಂಪಿನಲ್ಲಿ ಬರೆದ. ತಾನು ಒಂದೂ ಕೋಸ್ಟರ್ ಏರಿದವನಲ್ಲ ಎಂಬುದನ್ನೂ ಬರೆದ. ಕೆಲವರು ಪಾಪ ಎಂದರು. ಹೆಚ್ಚಿನವರು ಹೊಸ ಫೋಟೋ ಏನಾದರೂ ಇದೆಯೇ ಎಂದು ಕೇಳಿದರು. ಅಂದೇ ಗುಂಪು ಬಿಟ್ಟ.

ಜೂನ್ ಕೊನೆಗೆ ಪಾರ್ಕಿನವರು ಹೆಸರು, ಚಿತ್ರ ಎಲ್ಲ ಬಿಡುಗಡೆ ಮಾಡಿದರು. ಸುರಂಗದ ಊಹೆ ನಿಜವಾಗಿತ್ತು, ತಿರುವುಗಳ ಊಹೆ ತಪ್ಪಾಗಿತ್ತು. ಕಚೇರಿಯ ಸಹೋದ್ಯೋಗಿ ಚಾಂದಪಾಶಾ ಸುದ್ದಿ ತೋರಿಸಿದಾಗ ಶ್ರೀಮಂತ ಒಮ್ಮೆ ನೋಡಿ, ಚಲೋ ಆಗ್ಯಾದ ಎಂದು ತನ್ನ ಮೇಜಿಗೆ ಹೋದ.

ತಿಮ್ಮಣ್ಣನಿಗೆ ಯಾದಗಿರಿಯಲ್ಲಿ ಕಟ್ಟುತ್ತಿರುವ ಒಂದು ವಸತಿನಿಲಯದಲ್ಲಿ ಕೆಲಸ ಸಿಕ್ಕಿತು. ಬಸವಂತ್ರಾಯನೇ ಯಾರಿಗೋ ಹೇಳಿ ಕೊಡಿಸಿದನಂತೆ. ನಾಗರ ಪಂಚಮಿಗೆ ತಿಮ್ಮಣ್ಣ ಅಕ್ಕನನ್ನು ತವರಿಗೆ ಕರೆಯಲು ಬಂದ. ಅಕ್ಕನ ಜೊತೆ ನಕ್ಕು ಮಾತಾಡಿದ, ಚಹಾ ಕುಡಿದ. ಹೊರಡುವಾಗ ಶ್ರೀಮಂತ ಹೆಂಡತಿಯ ಚೀಲ ಹಿಡಿದು ಬಸ್ ನಿಲ್ದಾಣದವರೆಗೂ ನಡೆದ. ಬಸ್ಸು ಬಂತು. ತಿಮ್ಮಣ್ಣ ಚೀಲಕ್ಕೆ ಕೈ ಚಾಚಿದ.

"ಕೊಡ್ರಿ. ನೀವು ಹೋಗ್ರಿ, ಕಚೇರಿಗೆ ಹೊತ್ತಾಗತದ."

ಇಷ್ಟು ವರ್ಷಗಳಲ್ಲಿ ತಿಮ್ಮಣ್ಣ ಅವನಿಗೆ ನೀವು ಎಂದದ್ದು ಅದೇ ಮೊದಲು. ಶ್ರೀಮಂತ ಚೀಲ ಕೊಟ್ಟ. ಬಸ್ಸು ಹೋದ ಮೇಲೆ ಕಚೇರಿಯ ದಾರಿ ಹಿಡಿದ.