ವಾಲ್ಯೂಮ್ ನಾಬಿಗೆ ಅವ್ವ ಇಟ್ಟ ಬೊಟ್ಟು

ಕಳೆದ ತಿಂಗಳು ಮದ್ದೂರಿನ ಬೀಗರೂಟವೊಂದರಲ್ಲಿ ನನ್ನ ಎಲೆಕ್ಟ್ರಿಕ್ ಗಿಟಾರಿನ ವಾಲ್ಯೂಮ್ ನಾಬ್ ಪೂರ್ತಿ ಏರಿದಲ್ಲೇ ಕಚ್ಚಿಕೊಂಡಿತು. ಹಿಂದಕ್ಕೆ ತಿರುಗಲೇ ಇಲ್ಲ.

ಮುದ್ದೆ ಮುರಿಯುತ್ತಿದ್ದ ಹಿರಿಯರೊಬ್ಬರು ಎಂಜಲು ಕೈಯಲ್ಲೇ ಎದ್ದು ಬಂದರು.

"ಪಕ್ದಲ್ಲಿ ಕೂತಿರೋ ಬೀಗ್ರು ಏನಂತಾವ್ರೆ ಅಂತ್ಲೇ ಕೇಳ್ತಿಲ್ಲ ಕಣಪ್ಪಾ. ಅದ್ನ ವಸಿ ಅಮುಕು."

ಸೌಂಡ್ ಮಿಕ್ಸರ್ ನೋಡಿಕೊಳ್ಳಬೇಕಾದವನು ಊಟದ ಪಂಕ್ತಿಯಲ್ಲಿದ್ದ. ನಾನು ವೈರ್ ಕಿತ್ತು ಗಿಟಾರನ್ನು ಬ್ಯಾಗಿಗೆ ಹಾಕಿದೆ.

ವಾರವೆಲ್ಲ ಮಂಡ್ಯದಲ್ಲಿ ಆಫೀಸು, ರಜೆ ದಿನ ಆರ್ಕೆಸ್ಟ್ರಾ... ಇದು ನನ್ನ ಬದುಕು. ತಂಡದ ಯಜಮಾನ ಮಹದೇವಣ್ಣ ವಾಪಸ್ ಬರುವಾಗ ವ್ಯಾನಿನಲ್ಲಿ ಒಂದೇ ಮಾತು ಹೇಳಿದ.

"ಮಳವಳ್ಳಿ ಪ್ರೋಗ್ರಾಮ್ ಒತ್ಗೆ ಅದು ಸರಿ ಆಗ್ಬೇಕು ಕಣ್ಲಾ. ಇಲ್ದಿದ್ರೆ ನೀನು ಮನೇಲಿರು. ಕೀಬೋರ್ಡಲ್ಲೂ ಗಿಟಾರ್ ಸೌಂಡ್ ಬತ್ತದೆ."

ಬೇಸರದ ಸಂಗತಿಯೆಂದರೆ, ನಿಜವಾಗಿಯೂ ಬರುತ್ತದೆ.

ಭಾನುವಾರ ಹಜಾರದಲ್ಲಿ ಹಳೇ ಪೇಪರ್ ಹಾಸಿ ಕೂತೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪೇಂಟ್ ಏಳುತ್ತದೆ. ಹಾಗಾಗಿ ಪಂಚೆಯ ತುಂಡೊಂದನ್ನು ನಾಬಿನ ಬುಡಕ್ಕೆ ಸುತ್ತಿ ನೇರ ಮೇಲಕ್ಕೆ ಎಳೆದೆ.

ನಾಬ್ ಕಿತ್ತು ಬಂತು. ತುಕ್ಕು ಇರಬಹುದು ಅಂದುಕೊಂಡಿದ್ದೆ. ಇದ್ದದ್ದು ಕೆಂಪು ಅಂಟು.

ಕುಂಕುಮ!

ನಮ್ಮ ಮನೆಯ ಆಯುಧಪೂಜೆಯಲ್ಲಿ ಬೈಕು, ಮಿಕ್ಸಿ, ಪಂಪ್‌ಸೆಟ್ಟಿನ ಸ್ಟಾರ್ಟರ್, ಕುಡುಗೋಲು ಎಲ್ಲಕ್ಕೂ ಬೊಟ್ಟು ಬೀಳುತ್ತದೆ. ಉದುರಬಾರದೆಂದು ಅವ್ವ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸುತ್ತಾಳೆ.

ಗಿಟಾರಿನಲ್ಲಿ ಅವಳ ಕಣ್ಣಿಗೆ ಹಣೆಯಂತೆ ಕಂಡದ್ದು ಆ ದುಂಡನೆಯ ನಾಬ್. ಪ್ರತಿ ವರ್ಷ ಅಲ್ಲಿಗೇ ಇಟ್ಟಿದ್ದಾಳೆ. ಅದು ಪ್ರತಿ ವರ್ಷ ಸಂದಿಗೆ ಇಳಿದಿದೆ.

"ನೋಡವ್ವಾ, ನಿನ್ನ ಪೂಜೆ ಎಲ್ಲಿಗೆ ಬಂತು!" ಎಂದೆ.

"ಬೊಟ್ಟು ಇಕ್ಕಿದ್ಕೇ ಕಣ್ಲಾ ಅದು ಇಷ್ಟು ವರ್ಸ ಬಾಳ್ಕೆ ಬಂದಿರೋದು. ಇಲ್ದಿದ್ರೆ ಯಾವತ್ತೋ ಕೆಟ್ಟೋಗಿರದು."

ಕೆಟ್ಟಿರುವುದೇ ಅದರಿಂದ ಎಂದು ವಿವರಿಸುವಷ್ಟರಲ್ಲಿ ಅವಳು ಅಡುಗೆಮನೆ ಸೇರಿದ್ದಳು.

ಹಳೇ ಟೂತ್‌ಬ್ರಷ್ಷನ್ನು ಸ್ಪಿರಿಟ್‌ನಲ್ಲಿ ಅದ್ದಿ ಅಂಟು ತೆಗೆದೆ. ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ಭಾಗಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ, ನಾಬ್ ಕೂರುವ ಕಡ್ಡಿಯನ್ನು ಅತ್ತಿಂದಿತ್ತ ತಿರುಗಿಸುತ್ತಾ ಕೂತೆ. ಇಲ್ಲಿಗೆ ಯಾವ ಎಣ್ಣೆಯನ್ನೂ ಹಾಕಬಾರದು... ಹರಳೆಣ್ಣೆಯನ್ನಂತೂ ಹಾಕಲೇಬಾರದು.

ಸಂಜೆಗೆ ನಾಬ್ ಕಿರುಬೆರಳಿಗೂ ತಿರುಗಿತು. ಕರಕರ ಸದ್ದೂ ಇಲ್ಲ. ಅವ್ವನಿಗೂ ತೋರಿಸಿದೆ. ಅದೇ ತಪ್ಪಾಯಿತು.

ಮಳವಳ್ಳಿಯ ರಿಸೆಪ್ಷನ್. ವೇದಿಕೆ ಹತ್ತಿ, ಬ್ಯಾಗಿನಿಂದ ಗಿಟಾರ್ ತೆಗೆದು ನೋಡುತ್ತೇನೆ... ವಾಲ್ಯೂಮ್ ನಾಬಿನ ನೆತ್ತಿಯ ಮೇಲೆ ಹೊಸ ಬೊಟ್ಟು. ಇನ್ನೂ ಹಸಿ.

ನಾನು ಸ್ನಾನಕ್ಕೆ ಹೋದಾಗ ಇಟ್ಟಿದ್ದಾಳೆ. ರಿಪೇರಿ ಆಗಿದೆಯಲ್ಲ, ದೃಷ್ಟಿ ಆಗಬಾರದು.

ಕರ್ಚೀಫಿನಲ್ಲಿ ಒರೆಸಿದೆ. ಮೇಲಿನದು ಹೋಯಿತು, ಸಂದಿಗೆ ಇಳಿದದ್ದು ಹೋಗಲಿಲ್ಲ. ಅಷ್ಟರಲ್ಲಿ ಮಹದೇವಣ್ಣ ಮೊದಲ ಹಾಡಿಗೆ ಒನ್, ಟೂ, ತ್ರೀ ಎಣಿಸಲು ಶುರುಮಾಡಿದ.

ಮತ್ತೆ ಎಲ್ಲಿ ಕಚ್ಚಿಕೊಳ್ಳುತ್ತದೋ ಎಂಬ ಭಯಕ್ಕೆ ನಾನು ನಾಬನ್ನು ಬಿಡಲೇ ಇಲ್ಲ. ತಂತಿ ಮೀಟುತ್ತಲೇ ಕಿರುಬೆರಳಲ್ಲಿ ತಗ್ಗಿಸು, ಏರಿಸು, ತಗ್ಗಿಸು... ಕಾರ್ಯಕ್ರಮ ಮುಗಿಯುವವರೆಗೂ ಅದೇ ಕೆಲಸ.

ವ್ಯಾನಿನಲ್ಲಿ ಮಹದೇವಣ್ಣ ನನ್ನ ಪಕ್ಕಕ್ಕೇ ಬಂದು ಕೂತ. ಮನೆಗೆ ಕಳಿಸುತ್ತಾನೆ ಅಂದುಕೊಂಡೆ.

"ಅದೇನ್ಲಾ ಅದು, ಸೌಂಡು ಅಲೆ ಬಂದಂಗೆ ಬಂದು ಬಂದು ಓಯ್ತಿತ್ತು! ಎಲ್ಲಿ ಕಲ್ತೆ? ಕೀಬೋರ್ಡಲ್ಲಿ ಅದು ಬರಕಿಲ್ಲ ಬುಡು. ಮುಂದಿನ್ ಪ್ರೋಗ್ರಾಮ್ಗೂ ಅಂಗೇ ಬಾರ್ಸು."

ಮನೆಗೆ ಬಂದು ಅವ್ವನಿಗೆ ಇದನ್ನು ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ಹೇಳಿದರೆ ಉಳಿದ ನಾಬ್‌ಗಳಿಗೂ ಬೊಟ್ಟು ಖಂಡಿತ.

ನೀವಾಗಿದ್ದರೆ ಹೇಳುತ್ತಿದ್ದಿರಾ?