ಇಂಗು ಯಾವ ಅಂಗಡೀದು?

ಜಯನಗರದಲ್ಲಿ ಯಾರ ಮನೆಯ ಮದುವೆಯಾದರೂ ಮೊದಲು ಬರುವವರು ಸದಾಶಿವಯ್ಯನವರು, ಮೊದಲು ಗೊಣಗುವವರೂ ಅವರೇ. ಗೋಧಿಯ ಒಂದು ಕಣ ಹೊಟ್ಟೆಗಿಳಿದರೂ ಮೂರು ದಿನ ಹಾಸಿಗೆ ಬಿಟ್ಟು ಏಳುವಂತಿಲ್ಲ. ಚಿರೋಟಿ, ಉಪ್ಪಿಟ್ಟು, ಕೇಸರಿಭಾತುಗಳಿಗೆಲ್ಲ ದೂರದಿಂದಲೇ ಕೈಮುಗಿಯಲು ಡಾಕ್ಟರು ಹೇಳಿದ್ದಾರೆ. ಹಾಲು, ಬದನೆಕಾಯಿಗಳೂ ಬೇಡವೆಂದು ಹೊಟ್ಟೆಯೇ ತೀರ್ಪು ಕೊಟ್ಟಿದೆ. ಹಾಗಾಗಿ ಛತ್ರಕ್ಕೆ ಕಾಲಿಟ್ಟವರೇ ವಧೂವರರನ್ನು ಬಿಟ್ಟು ನೇರ ಅಡುಗೆಮನೆಗೆ ನುಗ್ಗುತ್ತಾರೆ. “ಭಟ್ರೇ, ಸಾರಿಗೆ ಹಾಕಿದ ಇಂಗು ಯಾವ ಅಂಗಡೀದು? ಇಂಗಿಗೆ ಗೋಧಿಹಿಟ್ಟು ಬೆರೆಸಿರ್ತಾರೆ, ಗೊತ್ತೇನ್ರೀ?” “ಹಂಗೇ ಅಕ್ಷತೇನೂ ಒಂದ್ಸಲ ನೋಡ್ಬಿಡಿ ಸ್ವಾಮಿ!” “ಅದನ್ನ ಆಗ್ಲೇ ನೋಡ್ದೆ. ಅಕ್ಕೀದೇ.” ಭಟ್ಟರು ಯಾವ ಅಂಗಡಿಯ ಹೆಸರು ಹೇಳಿದರೂ ನಂಬದೆ, ಕೊನೆಗೆ ಎಲೆಯ ಮುಂದೆ ಕುಳಿತು ಮನೆಯಿಂದ ತಂದ ಡಬ್ಬಿ ಬಿಚ್ಚಿ ಮೆಣಸಿನಸಾರು ಅನ್ನ ಉಣ್ಣುತ್ತಾರೆ. ಈ ಭಾಗ್ಯಕ್ಕೆ ಇವರು ಯಾಕಾದರೂ ಬರುತ್ತಾರೋ ಎಂದು ಪಂಕ್ತಿಯವರೆಲ್ಲ ನಗುತ್ತಾರೆ. ಮನೆಯಲ್ಲಿ ಹೆಂಡತಿ ಕಾವೇರಮ್ಮ ರೇಷನ್ನಿನ ಗೋಧಿಯನ್ನು ಹೊಸಿಲು ದಾಟಿಸದೆ ಪಕ್ಕದ ಮನೆಗೇ ಕೊಟ್ಟುಬಿಡುತ್ತಾರೆ. ಕೇಳಿದರೆ, “ನನಗೂ ಅದು ಒಗ್ಗಲ್ಲ ರೀ” ಎನ್ನುತ್ತಾರೆ. ಅಯ್ಯನವರು ಅದನ್ನು ಹತ್ತು ವರ್ಷ ನಂಬಿದ್ದರು. ಆಮೇಲೆ ಒಂದು ಮದುವೆಯಲ್ಲಿ, ಹೆಂಗಸರ ಪಂಕ್ತಿಯಲ್ಲಿ ಕುಳಿತ ಕಾವೇರಮ್ಮ ಮೂರನೇ ಚಿರೋಟಿಗೆ ಎಲೆಯಲ್ಲಿ ಜಾಗ ಮಾಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಅಂದಿನಿಂದ ಒಂದು ಮದುವೆಯನ್ನೂ ತಪ್ಪಿಸಿಲ್ಲ. ಹೆಂಡತಿಯನ್ನು ಕರೆದುಕೊಂಡೇ ಹೋಗುತ್ತಾರೆ, ಹೆಂಗಸರ ಪಂಕ್ತಿಗೆ ಬೆನ್ನು ಹಾಕಿಯೇ ಕೂಡುತ್ತಾರೆ.