ಕೂತೇ ನಿದ್ದೆ ಮಾಡುತ್ತಿದ್ದ ಕಾಕಾ

ಕಳೆದ ವಾರ ನಮ್ಮ ಯಜಮಾನರು ನಿದ್ದೆಯಿಂದ ಏದುಸಿರು ಬಿಡುತ್ತ ಎದ್ದು ಕೂತಾಗ ನನ್ನ ಕೈ ತಾನಾಗಿ ಓಮದ ಡಬ್ಬಿಗೆ ಹೋಯಿತು. ಬಾಣಲೆಯಿಂದ ಘಾಟು ಏಳುತ್ತಲೇ ಠಾಣೆ ನಗರದ ಕೋಪರಿಯಲ್ಲಿದ್ದ ನಮ್ಮ ಹಳೆಯ ಸಾಲುಮನೆ ಚಾಳು, ಅಲ್ಲಿನ ಕಾಕಾ ನೆನಪಾದರು...

ಕಾಕಾ ಕಲಬುರಗಿ ಕಡೆಯವರು, ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ಪಕ್ಕದ ಖೋಲಿಯಲ್ಲಿ ಅವರೂ ಅವರ ಊರಿನ ಏಳೆಂಟು ಮಂದಿಯೂ ಒತ್ತೊತ್ತಾಗಿ ಮಲಗುತ್ತಿದ್ದರು. ಮಗ್ಗುಲು ಬದಲಿಸಬೇಕಾದರೆ ಎಲ್ಲರೂ ಒಟ್ಟಿಗೇ ಬದಲಿಸಬೇಕು, ಅಷ್ಟೇ ಜಾಗ. ಒಂದು ಮಳೆಗಾಲದಲ್ಲಿ ಕಾಕಾಗೆ ಮಲಗಿದರೆ ಉಸಿರು ಕಟ್ಟತೊಡಗಿತು.

"ಅಡ್ಡಾದ್ರ ಎದಿ ಮ್ಯಾಲ ಚೀಲ ಇಟ್ಟಂಗ ಆಗ್ತದವ್ವ. ಎದ್ದು ಕುಂತ್ರ ಆರಾಮ," ಎಂದು ನಮ್ಮ ಅತ್ತೆಗೆ ಹೇಳಿದ್ದರು.

ಚಾಳೆಂದ ಮೇಲೆ ವೈದ್ಯರಿಗೇನು ಬರ? ಒಬ್ಬರು ಗ್ಯಾಸ್ ಎಂದರು, ಇನ್ನೊಬ್ಬರು ಗೋದಾಮಿನ ಧೂಳು ಎಂದರು. ಕೆಟ್ಟ ಕನಸು, ತಾಯತ ಕಟ್ಟಿಸಿ ಎಂದವರೂ ಇದ್ದರು. ಕಾಲು ಊದಿದ್ದು ಕಂಡರೂ, ನಿಂತು ದುಡಿಯುವವರಿಗೆ ಇದ್ದದ್ದೇ ಎಂದು ಎಲ್ಲರೂ ಸುಮ್ಮನಾದರು. ಅತ್ತೆ ದಿನವೂ ಓಮಕ್ಕೆ ಕಲ್ಲುಪ್ಪು ಹಾಕಿ ಕುದಿಸಿ ಕುಡಿಸುತ್ತಿದ್ದರು.

ಕಾಕಾ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವುದನ್ನು ಕಲಿತರು. ಖಾಲಿಯಾದ ಅವರ ಜಾಗದಲ್ಲಿ ಊರಿನಿಂದ ಬಂದ ಹೊಸಬನೊಬ್ಬ ಚಾಪೆ ಹಾಸಿದ. "ಕಾಕಾ ಕುಂತಿದ್ದು ಛಲೋ ಆತು, ಇನ್ನೊಬ್ಬಂಗ ಜಾಗಾ ಆತು," ಎಂದು ಖೋಲಿಯವರು ನಗುತ್ತಿದ್ದರು. ಕಾಕಾ ಕೂಡ ನಗುತ್ತಿದ್ದರು.

ದೀಪಾವಳಿಗೆ ಅರ್ಧ ಖೋಲಿ ಊರಿಗೆ ಹೋಯಿತು. ಇಷ್ಟು ಜಾಗ ಇರುವಾಗ ಇವತ್ತಾದರೂ ಕಾಲು ಚಾಚಿ ಮಲಗಿ ಎಂದು ಉಳಿದವರು ಪ್ರೀತಿಯಿಂದ ನಡುಮಧ್ಯೆ ಚಾಪೆ ಹಾಸಿಕೊಟ್ಟರು. ಅವರ ಮನಸ್ಸು ನೋಯಿಸಬಾರದೆಂದು ಕಾಕಾ ಮಲಗಿದರು. ಬೆಳಿಗ್ಗೆ ಏಳಲಿಲ್ಲ.

ಮೊನ್ನೆ ಯಜಮಾನರನ್ನು ಇಲ್ಲೇ ಠಾಣೆಯಲ್ಲಿ ಹೃದಯದ ಡಾಕ್ಟರಿಗೆ ತೋರಿಸಿದೆವು. ಆಕೆ ಮರಾಠಿಯಲ್ಲಿ ಮೊದಲು ಕೇಳಿದ್ದೇ, ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ ಎಂದು. ಇವರು ಗ್ಯಾಸ್ ಎನ್ನುತ್ತಲೇ ಒಂದೊಂದು ದಿಂಬು ಏರಿಸುತ್ತ ಬಂದಿದ್ದರು. ಹೃದಯ ಸೋತಿದೆ, ಅದಕ್ಕೇ ಮಲಗಿದಾಗ ಶ್ವಾಸಕೋಶಕ್ಕೆ ನೀರು ಬರುತ್ತದೆ, ಉಪ್ಪು ಕಡಿಮೆ ಮಾಡಿ ಎಂದರು. ಇಷ್ಟೇ ಇಷ್ಟು ಮಾತು. ಕಾಕಾಗೆ ಇದನ್ನು ಹೇಳುವವರು ಒಬ್ಬರೂ ಸಿಗಲಿಲ್ಲ.

ಮಾತ್ರೆ ಬರೆದುಕೊಟ್ಟ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಬಹಳ ತಡವಾಗಿದೆ, ಇನ್ನು ಹೆಚ್ಚು ದಿನವಿಲ್ಲ ಎಂದರು. ಬೇಸಿಗೆಗೆ ಊರಿಗೆ ಹೋಗಲು ಟಿಕೆಟ್ ಮಾಡಿಸೋಣವೇ ಎಂದು ಇವರು ಬೆಳಿಗ್ಗೆಯಿಂದ ಕೇಳುತ್ತಿದ್ದಾರೆ. ಮಾಡಿಸೋಣ ಎಂದಿದ್ದೇನೆ.